ಉಸಿರು ಹೃದಯವಾದ ಬಗೆ

ರೊಮೇನಿಯಾದವರು ಹೃದಯಕ್ಕೆ 'ಇನಿಮ' ಎನ್ನುತ್ತಾರೆ. ಪದ ಚಿಕ್ಕದು, ಹೊರುವ ಅರ್ಥಗಳು ಬಹಳ. ಮನಃಪೂರ್ವಕವಾಗಿ ಹಾರೈಸಲು ಈ ಪದ ಬೇಕು. ಆಡುಮಾತಿನಲ್ಲಿ ಅದು ಹೊಟ್ಟೆಗೂ ಸಲ್ಲುತ್ತದೆ: 'ಪೆ ಇನಿಮಾ ಗ್ವಾಲ' ಎಂದರೆ ಖಾಲಿ ಹೊಟ್ಟೆಯಲ್ಲಿ. ಬಂಡಿಯ ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಕೂಡಿಸುವ ನಡುಮರಕ್ಕೂ ಇದೇ ಹೆಸರು.

ಇದರ ಮೂಲ ಲ್ಯಾಟಿನ್ನಿನ 'ಅನಿಮ'. ಕ್ರಿ.ಶ. 106ರಲ್ಲಿ ರೋಮಿನ ಚಕ್ರವರ್ತಿ ಟ್ರಾಜನ್ ಇಂದಿನ ರೊಮೇನಿಯಾ ಇರುವ ಡೇಸಿಯಾ ಸೀಮೆಯನ್ನು ಗೆದ್ದ. ಸೈನಿಕರು, ವಲಸೆಗಾರರು ಲ್ಯಾಟಿನ್ನನ್ನು ಆ ನೆಲಕ್ಕೆ ತಂದರು. ನಕಾರದ ಹಿಂದಿದ್ದ ಅಕಾರ ಜನರ ಬಾಯಲ್ಲಿ ಕ್ರಮೇಣ ಇಕಾರವಾಯಿತು. ಇಷ್ಟು ಸರಳ. ಸೋಜಿಗವಿರುವುದು ಅರ್ಥದಲ್ಲಿ. ಲ್ಯಾಟಿನ್ನಿನಲ್ಲಿ ಅನಿಮ ಎಂದರೆ ಉಸಿರು, ಜೀವ, ಆತ್ಮ. ಹೃದಯಕ್ಕೆ ಅಲ್ಲಿ 'ಕೋರ್' ಎಂಬ ಬೇರೆ ಪದವಿತ್ತು. ಇಟಾಲಿಯನ್ನರ 'ಕ್ವೋರೆ' ಅದರಿಂದಲೇ ಬಂದದ್ದು. ರೊಮೇನಿಯನ್ ಮಾತ್ರ ಆ ಜಾಗದಲ್ಲಿ ಉಸಿರನ್ನು ಕೂರಿಸಿತು. ಹಾಗಾದರೆ ಆತ್ಮಕ್ಕೆ ಏನೆನ್ನಬೇಕು? ಊದು ಎಂಬರ್ಥದ 'ಸುಫ್ಲಾ' ಧಾತುವಿನಿಂದ 'ಸುಫ್ಲೆತ್' ಹುಟ್ಟಿತು. ಮತ್ತೆ ಉಸಿರೇ!

ಇನ್ನೂ ಹಿಂದೆ ಹೋದರೆ ಇಂಡೋ-ಯುರೋಪಿಯನ್ ಭಾಷೆಗಳ ಮೂಲದಲ್ಲಿ ಉಸಿರಾಡು ಎಂಬರ್ಥದ ಒಂದು ಧಾತು ಸಿಗುತ್ತದೆ. ಗ್ರೀಕರ ಗಾಳಿ 'ಅನೆಮೊಸ್' ಅದರಿಂದಲೇ ಬಂತು. ಸಂಸ್ಕೃತದಲ್ಲಿ ಅದು 'ಅನ್' ಆಯಿತು. ಪ್ರಾಣ, ಅಪಾನ, ಅನಿಲಗಳನ್ನು ಕೊಟ್ಟಿತು. ಕನ್ನಡ ದ್ರಾವಿಡ ನುಡಿ. ಆದರೂ ಸಂಸ್ಕೃತದಿಂದ ಪಡೆದ ಈ ಪದಗಳನ್ನು ನಾವು ಚೆನ್ನಾಗಿ ದುಡಿಸಿಕೊಂಡಿದ್ದೇವೆ. ಗೆಳೆಯನಿಗೆ ಪ್ರಾಣ ಕೊಡುತ್ತೇವೆ, ಒಲೆಗೆ ಅಡುಗೆ ಅನಿಲ ತರಿಸುತ್ತೇವೆ. ಪ್ರಾಣವುಳ್ಳದ್ದನ್ನು ಪ್ರಾಣಿ ಎಂದದ್ದು ಸಂಸ್ಕೃತ. ಅನಿಮ ಉಳ್ಳದ್ದನ್ನು 'ಅನಿಮಲ್' ಎಂದದ್ದು ಲ್ಯಾಟಿನ್. ಎರಡು ಭಾಷೆಗಳು ಒಂದನ್ನೊಂದು ಕೇಳದೆ ಒಂದೇ ರೀತಿ ಯೋಚಿಸಿದವು.

ಪದದ ಮೂಲಾರ್ಥವೇ ನಿಜವಾದ ಅರ್ಥ, ಉಳಿದದ್ದೆಲ್ಲ ಅಪಭ್ರಂಶ ಎಂದು ವಾದಿಸುವವರು ನಮ್ಮಲ್ಲೂ ಇದ್ದಾರೆ. ಅವರ ಮಾತು ನಿಜವಾದರೆ ಇಡೀ ರೊಮೇನಿಯಾ ಹೃದಯವನ್ನು ತಪ್ಪು ಹೆಸರಿನಿಂದ ಕರೆಯುತ್ತಿದೆ ಎನ್ನಬೇಕಾದೀತು. ಹಾಗೆನ್ನಲು ಯಾರಿಗೂ ಹಕ್ಕಿಲ್ಲ. ಪದ ಎಲ್ಲಿಂದ ಬಂತು ಎಂಬುದನ್ನು ನಿಘಂಟು ಹೇಳುತ್ತದೆ. ಅದರ ಅರ್ಥವೇನು ಎಂಬುದನ್ನು ತೀರ್ಮಾನಿಸುವವರು ಅದನ್ನು ಆಡುವ ಜನ.