ಹೊಸನಗರ ಯಾವುದಕ್ಕೆ ಹೊಸತು?

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗೋವಾಗೆಲ್ಲ ನನಗೆ ಈ ಹೆಸರುಗಳದ್ದೇ ಯೋಚನೆ. ಸಮುದ್ರವಿಲ್ಲದ ಸಾಗರ, 'ಸದಾಶಿವಸಾಗರ' ಅನ್ನೋ ಕೆರೆಯ ಹೆಸರು ಮೊಟಕಾಗಿ ಉಳಿದದ್ದು. 1763ರಲ್ಲಿ ಹೈದರಾಲಿ ಗೆದ್ದ ಬಿದನೂರು ಹೈದರನಗರವಾಯ್ತು, ಆಮೇಲೆ ಬರೀ ನಗರ. ಆ ನಗರ ಗೊತ್ತಿಲ್ಲದವರಿಗೆ ಹೊಸನಗರದ 'ಹೊಸ' ಅರ್ಥವಾಗೋದು ಹೇಗೆ?

ಫೈಲ್ ಸಿಸ್ಟಮ್‌ನ ಸೋರ್ಸ್ ಕೋಡ್ ಓದೋವಾಗಲೂ ಇದೇ ಪಾಡು. ಯುನಿಕ್ಸ್‌ನಲ್ಲಿ ಫೈಲಿನ ಗಾತ್ರ, ಒಡೆಯ, ಡಿಸ್ಕಿನಲ್ಲಿರೋ ಜಾಗ ಬರೆದಿಡೋ ದಾಖಲೆಗೆ 'ಐನೋಡ್' ಅಂತ ಹೆಸರು. 'ಐ' ಅಂದ್ರೇನು ಅಂತ 2002ರಲ್ಲಿ ಕೇಳಿದಾಗ ಯುನಿಕ್ಸ್ ಕಟ್ಟಿದ ಡೆನ್ನಿಸ್ ರಿಚಿಗೇ ಖಚಿತವಿರಲಿಲ್ಲ. 'ಇಂಡೆಕ್ಸ್' ಇರಬಹುದು ಅಂದ್ರು.

ಹೆಸರಿಟ್ಟವರೇ ಮರೆತರೆ ಇನ್ಯಾರನ್ನ ಕೇಳೋದು? ಅದಕ್ಕೇ ನಾನೀಗ ಹೆಸರಿಟ್ಟ ದಿನವೇ ಪಕ್ಕದಲ್ಲೊಂದು ಸಾಲು ಕಾಮೆಂಟ್ ಬರೀತೀನಿ, ಆ ಹೆಸರು ಯಾಕೆ ಅಂತ. 'ಹೊಸ' ಅಂತ ಹೆಸರಿಡೋದನ್ನಂತೂ ಬಿಟ್ಟೇಬಿಟ್ಟಿದ್ದೀನಿ!