ಅಪಲಾಚಿಯನ್ ಕಾಲುದಾರಿ ಮತ್ತು ಅದನ್ನು ಕಾಯುವ ಸ್ವಯಂಸೇವಕರು

ಅಮೆರಿಕದ ಪೂರ್ವ ಭಾಗದಲ್ಲಿ, ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ಶಿಖರದವರೆಗೆ, 14 ರಾಜ್ಯಗಳನ್ನು ಹಾದು ಹೋಗುವ ಕಾಲುದಾರಿಯೊಂದಿದೆ. ಉದ್ದ ಸುಮಾರು 3,500 ಕಿ.ಮೀ. ಇದನ್ನು ಪೂರ್ತಿ ನಡೆದವರ ಸಾಹಸ ಕಥೆಗಳು ಬೇಕಾದಷ್ಟು ಬಂದಿವೆ. ಆದರೆ ಈ ದಾರಿ ಇಂದಿಗೂ ನಡೆಯಲು ಬರುವಂತೆ ಉಳಿದಿರುವುದು ಬಿಡಿಗಾಸು ಪಡೆಯದೆ ವರ್ಷವರ್ಷವೂ ಗುದ್ದಲಿ ಹಿಡಿದು ಬರುವ ಸ್ವಯಂಸೇವಕರಿಂದ. ಹೆಚ್ಚಿನ ಗೌರವ ಅವರಿಗೇ ಸಲ್ಲಬೇಕು.

ಹುಟ್ಟು

ಅರಣ್ಯಶಾಸ್ತ್ರ ಓದಿದ್ದ ಬೆಂಟನ್ ಮಕೈ 1921ರಲ್ಲಿ ಇಂಥದೊಂದು ದಾರಿ ಬೇಕೆಂದು ಬರೆದರು. ಮೊದಲ ತುಂಡು 1923ರಲ್ಲಿ ನ್ಯೂಯಾರ್ಕ್‌ನ ಬೇರ್ ಮೌಂಟನ್ ಬಳಿ ತೆರೆಯಿತು. ಮುಂದೆ ಹಟ ಹಿಡಿದು ಕೆಲಸ ಮುಗಿಸಿದವರು ವಕೀಲ ಮೈರನ್ ಏವರಿ. ಅಳತೆಯ ಚಕ್ರ ತಳ್ಳಿಕೊಂಡು ದಾರಿಯುದ್ದಕ್ಕೂ ನಡೆದವರು ಅವರು. 1937ರಲ್ಲಿ ದಾರಿ ಕೊನೆ ಮುಟ್ಟಿತು. ಮರುವರ್ಷವೇ ಚಂಡಮಾರುತ ಬಂದು ಉತ್ತರದ ಕಾಡುಗಳಲ್ಲಿ ಮರಗಳನ್ನು ಉರುಳಿಸಿತು. ದಾರಿ ಕಡಿಯುವುದಕ್ಕಿಂತ ಕಾಯುವುದು ಕಷ್ಟ ಎಂಬುದು ಆಗಲೇ ಗೊತ್ತಾಗಿತ್ತು.

ಯಾರ ಜವಾಬ್ದಾರಿ?

1968ರ ಕಾನೂನು ಇದನ್ನು ರಾಷ್ಟ್ರೀಯ ದಾರಿಯೆಂದು ಘೋಷಿಸಿತು. ನೆಲ ಹೆಚ್ಚಾಗಿ ಸರ್ಕಾರದ್ದು. ಆದರೆ 1984ರಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ದಿನನಿತ್ಯದ ಉಸ್ತುವಾರಿಯನ್ನು ಈಗ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿ ಎಂದು ಕರೆಸಿಕೊಳ್ಳುವ ಸಂಸ್ಥೆಗೆ ವಹಿಸಿಕೊಟ್ಟಿತು. ಅದರಡಿ ಸುಮಾರು 30 ಸ್ಥಳೀಯ ಸಂಘಗಳಿವೆ. ಸಂಘ ತನ್ನ ಪಾಲನ್ನು ಸದಸ್ಯರಿಗೆ ಹಂಚುತ್ತದೆ. ಒಬ್ಬೊಬ್ಬರಿಗೆ ಕೆಲವೇ ಮೈಲು. ಆ ತುಂಡಿನ ಪ್ರತಿ ತಿರುವು, ಪ್ರತಿ ತೊರೆ ಅವರಿಗೆ ಕಂಠಪಾಠ. ಇಡೀ ವ್ಯವಸ್ಥೆಯ ಬಲ ಇರುವುದೇ ಇಲ್ಲಿ. ನೋಂದಾಯಿಸಿಕೊಂಡವರು ಕೆಲಸದಲ್ಲಿ ಗಾಯಗೊಂಡರೆ ಸರ್ಕಾರಿ ನೌಕರರಂತೆಯೇ ಚಿಕಿತ್ಸೆ, ಪರಿಹಾರ ಸಿಗುತ್ತದೆ. ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ಸುಮಾರು 6,000 ಜನ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಗಂಟೆ ದುಡಿಯುತ್ತಿದ್ದರು.

ನೀರೇ ದೊಡ್ಡ ಶತ್ರು

ಬೆಟ್ಟದ ದಾರಿಯನ್ನು ಕೆಡಿಸುವುದು ಕಾಲಿಗಿಂತ ಹೆಚ್ಚಾಗಿ ನೀರು. ಜನ ನಡೆದು ಗಟ್ಟಿಯಾದ ನೆಲದಲ್ಲಿ ನೀರು ಇಂಗುವುದಿಲ್ಲ. ದಾರಿಯನ್ನೇ ಹಳ್ಳ ಮಾಡಿಕೊಂಡು ಹರಿಯುತ್ತದೆ. ಮಣ್ಣು ಕೊಚ್ಚಿ ಬೇರು, ಕಲ್ಲು ಎದ್ದು ನಿಲ್ಲುತ್ತವೆ. ನಡೆಯುವವರು ಕೊರಕಲು ಬಿಟ್ಟು ಪಕ್ಕಕ್ಕೆ ಕಾಲಿಡುತ್ತಾರೆ, ಅಲ್ಲಿನ ಗಿಡವೂ ಸಾಯುತ್ತದೆ, ದಾರಿ ಅಗಲವಾಗುತ್ತಾ ಹೋಗುತ್ತದೆ.

ಇದಕ್ಕೆ ಮದ್ದು ದಾರಿಗೆ ಓರೆಯಾಗಿ ಹೂಳಿದ ಮರದ ದಿಮ್ಮಿ ಅಥವಾ ಕಲ್ಲಿನ ಸಾಲು. ಹರಿದು ಬಂದ ನೀರು ಅದಕ್ಕೆ ತಾಗಿ ಇಳಿಜಾರಿನ ಕಡೆ ಹೊರಬೀಳುತ್ತದೆ. ಆದರೆ ಎಲೆ, ಮೆಕ್ಕಲು ತುಂಬಿದರೆ ಮುಂದಿನ ಮಳೆಗೆ ನೀರು ದಿಮ್ಮಿಯ ಮೇಲೆಯೇ ಹಾರಿ ಹೋಗುತ್ತದೆ. ಹಾಗಾಗಿ ಮಲೆನಾಡಿನ ತೋಟದವರು ಮಳೆಗಾಲಕ್ಕೆ ಮುಂಚೆ ಬಸಿಗಾಲುವೆ ಬಿಡಿಸುವಂತೆ, ಇವರೂ ಮೆಕ್ಕಲು ಎಳೆದು ತೆಗೆಯಬೇಕು, ಹೊರಬಾಯಿ ಅಗಲ ಮಾಡಬೇಕು. ತೆಗೆದ ಮಣ್ಣನ್ನು ಮತ್ತೆ ತೊಳೆದು ಬಾರದಂತೆ ಕೆಳಮಗ್ಗುಲಿಗೆ ಹಾಕಬೇಕು. ಯಾರ ಕಣ್ಣಿಗೂ ಬೀಳದ ಕೆಲಸ. ಇದೊಂದು ನಿಂತರೆ ಉಳಿದದ್ದೆಲ್ಲ ವ್ಯರ್ಥ.

ಬಿಳಿ ಪಟ್ಟಿ, ಎರಡಾಳು ಗರಗಸ

ದಾರಿ ತೋರಿಸುವುದು ಮರಗಳ ಮೇಲೆ ಬಳಿದ 2 ಇಂಚು ಅಗಲ, 6 ಇಂಚು ಎತ್ತರದ ಬಿಳಿ ಪಟ್ಟಿ. ಒಂದರ ಮೇಲೊಂದು ಎರಡು ಪಟ್ಟಿ ಕಂಡರೆ ಮುಂದೆ ತಿರುವಿದೆ, ಎಚ್ಚರ. ಪೊದೆಗಳನ್ನು 4 ಅಡಿ ಅಗಲ, 8 ಅಡಿ ಎತ್ತರಕ್ಕೆ ಸವರಬೇಕು. 1964ರ ಕಾನೂನಿನಡಿ ಕಾದಿಟ್ಟ ಕಾಡುಗಳಲ್ಲಿ ಯಂತ್ರದ ಗರಗಸಕ್ಕೆ ಅವಕಾಶವಿಲ್ಲ. ಬಿದ್ದ ಮರವನ್ನು ಇಬ್ಬರು ಎಳೆಯುವ ಕೈಗರಗಸದಿಂದ ಕತ್ತರಿಸುತ್ತಾರೆ. ಅದಕ್ಕೂ ತರಬೇತಿ ಪಡೆದು ಪ್ರಮಾಣಪತ್ರ ಹೊಂದಿರಬೇಕು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ದಕ್ಷಿಣದ ತುಂಡುಗಳಲ್ಲಿ ಲೆಕ್ಕವಿಲ್ಲದಷ್ಟು ಮರ ಕೆಡವಿದಾಗ ಇಂಥ ನುರಿತ ಕೈಗಳೇ ನೆರವಿಗೆ ಬಂದವು.

ಅಲ್ಲಿರುವ ಕನ್ನಡಿಗರಿಗೆ

ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಈ ದಾರಿಯನ್ನು ನೋಡಿಕೊಳ್ಳುವುದು 1920ರಲ್ಲಿ ಹುಟ್ಟಿದ ನ್ಯೂಯಾರ್ಕ್–ನ್ಯೂಜೆರ್ಸಿ ಟ್ರೇಲ್ ಕಾನ್ಫರೆನ್ಸ್. ಆ ಎರಡು ರಾಜ್ಯಗಳಲ್ಲಿ ಕನ್ನಡದ ಮನೆಗಳು ಬಹಳ. ವಾರಾಂತ್ಯದಲ್ಲಿ ಬೇರ್ ಮೌಂಟನ್‌ಗೆ ಹೋಗಿ ಫೋಟೊ ತೆಗೆದುಕೊಂಡು ಬರುವವರೂ ಕಡಿಮೆಯಿಲ್ಲ. ಹೊಸಬರಿಗೆ ಅಲ್ಲಿ ಕೆಲಸ ಕಲಿಸುತ್ತಾರೆ, ಅನುಭವ ಕೇಳುವುದಿಲ್ಲ. ಗಟ್ಟಿ ಬೂಟು, ಕೈಗವಸು, ಬುತ್ತಿ ಇಟ್ಟುಕೊಂಡು ಒಂದು ದಿನ ಅವರ ಜೊತೆ ಹೋಗಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.