ಮೂವತ್ತೆರಡು ನಿಮಿಷಗಳ ಊರು

ಅಮೆರಿಕದ ಕಾದಂಬರಿಕಾರ ಸಿಂಕ್ಲೇರ್ ಲೂಯಿಸ್ 1885ರಲ್ಲಿ ಹುಟ್ಟಿದ್ದು ಮಿನ್ನೆಸೋಟ ಸಂಸ್ಥಾನದ ಸಾಕ್ ಸೆಂಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿಯ ವೈದ್ಯ. ತನ್ನ ಮೂವತ್ತೈದನೆಯ ವಯಸ್ಸಿನಲ್ಲಿ, 1920ರಲ್ಲಿ, ಅಂಥದೇ ಊರೊಂದಕ್ಕೆ ಗೋಫರ್ ಪ್ರೇರಿ ಎಂದು ಹೆಸರಿಟ್ಟು ಆತನು ‘ಮೇನ್ ಸ್ಟ್ರೀಟ್’ ಬರೆದನು. ಚಿಕ್ಕ ಊರೆಂದರೆ ಸಜ್ಜನರ ನೆಲೆ, ಕೇಡೆಲ್ಲ ಮಹಾನಗರದ್ದು ಎಂದು ಹೇಳಿಕೊಂಡು ಬಂದಿದ್ದ ಜನಪ್ರಿಯ ಕಥೆಗಳಿಗೆ ಅದು ಬಲವಾದ ಪೆಟ್ಟು.

ನಗರದ ಪುಸ್ತಕಾಲಯದಲ್ಲಿ ಕೆಲಸ ಮಾಡಿದ್ದ ಕೆರೊಲ್, ಡಾಕ್ಟರ್ ಕೆನ್ನಿಕಾಟನನ್ನು ಮದುವೆಯಾಗಿ ಈ ಊರಿಗೆ ಬರುತ್ತಾಳೆ. ನೋಡಲು ಹೊರಟರೆ 32 ನಿಮಿಷಗಳಲ್ಲಿ ಊರೇ ಮುಗಿದುಹೋಯಿತು! ದಿನಸಿ ಅಂಗಡಿಯ ಗಾಜಿನ ಹಿಂದೆ ಕಪ್ಪಿಟ್ಟ ಬಾಳೆಹಣ್ಣು, ಮಾರಾಟದ ಸೊಪ್ಪಿನ ಮೇಲೆ ನಿದ್ರಿಸುವ ಬೆಕ್ಕು. ಇಷ್ಟಕ್ಕೇ ನಿಂತಿದ್ದರೆ ಇದನ್ನು ಪಟ್ಟಣದವರ ತಾತ್ಸಾರವೆಂದು ತಳ್ಳಿಬಿಡಬಹುದಿತ್ತು. ಆದರೆ ಅದೇ ರೈಲಿನಲ್ಲಿ ಬಂದಿಳಿದ ಬೀ ಸೊರೆನ್ಸನ್ ಎಂಬ ರೈತರ ಹುಡುಗಿಯೂ ಅದೇ ಹೊತ್ತಿಗೆ ಅದೇ ಬೀದಿಯಲ್ಲಿ ನಡೆಯುತ್ತಾಳೆ. ಅವಳ ಕಣ್ಣಿಗೆ ಅದು ಸ್ವರ್ಗ. ಯಾರ ಕಣ್ಣು ಸರಿ? ಲೂಯಿಸ್ ತೀರ್ಪು ಕೊಡುವುದಿಲ್ಲ. ಆತನ ವಿಡಂಬನೆಯ ಬೇರು ಇರುವುದು ಈ ಪ್ರಾಮಾಣಿಕತೆಯಲ್ಲಿ. ನೀರಸನೆಂದು ಕೆರೊಲಳಿಗೆ ತೋರಿದ ಆ ಗಂಡನೇ ಒಂದು ರಾತ್ರಿ ರೈತನ ಮನೆಯಲ್ಲಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ, ಈಥರ್ ಹೊತ್ತಿಕೊಂಡೀತೆಂಬ ಅಪಾಯವನ್ನು ಲೆಕ್ಕಿಸದೆ ರೋಗಿಯ ತೋಳನ್ನು ಕತ್ತರಿಸಿ ಪ್ರಾಣ ಉಳಿಸುತ್ತಾನೆ. ನಗಿಸಿದ ಲೇಖನಿಯೇ ಇಲ್ಲಿ ಗೌರವದಿಂದ ತಲೆಬಾಗುತ್ತದೆ.

1922ರ ‘ಬ್ಯಾಬಿಟ್’ಗಾಗಿ ಲೂಯಿಸ್ ಇಲ್ಲದ ಊರಾದ ಜೆನಿತ್‌ನ ನಕ್ಷೆಗಳನ್ನೇ ಬರೆದಿಟ್ಟುಕೊಂಡಿದ್ದನು. ಮನೆ-ನಿವೇಶನಗಳ ದಲ್ಲಾಳಿ ಬ್ಯಾಬಿಟ್ಟನಿಗೆ ತನ್ನ ಅಲಾರಂ ಗಡಿಯಾರದ ಮೇಲೂ ಅಭಿಮಾನ! ಅವನ ಹೆಸರು ಇಂಗ್ಲಿಷ್ ನಿಘಂಟನ್ನೇ ಸೇರಿತು. 1926ರಲ್ಲಿ ‘ಆರೋಸ್ಮಿತ್’ ಕಾದಂಬರಿಗೆ ಬಂದ ಪುಲಿಟ್ಜರ್ ಬಹುಮಾನವನ್ನು ನಿರಾಕರಿಸಿದವನು 1930ರಲ್ಲಿ ನೊಬೆಲ್ ಸ್ವೀಕರಿಸಿದನು. ಸಾಹಿತ್ಯಕ್ಕಾಗಿ ಅದನ್ನು ಪಡೆದ ಮೊದಲ ಅಮೆರಿಕನ್ ಈತನೇ. ಆಮೇಲಿನ ಕಾದಂಬರಿಗಳು ಹಲವು. ಆ ಹಿಂದಿನ ಮೊನಚು, ನನ್ನ ಮಟ್ಟಿಗೆ, ಅವುಗಳಲ್ಲಿ ಅಪರೂಪ.

1951ರಲ್ಲಿ ರೋಮ್ ನಗರದಲ್ಲಿ ತೀರಿಕೊಂಡ ಲೂಯಿಸನ ಚಿತಾಭಸ್ಮವನ್ನು ಸಾಕ್ ಸೆಂಟರಿಗೇ ತಂದು ಮಣ್ಣುಮಾಡಿದರು. ಪುಸ್ತಕ ಬಂದಾಗ ಮುನಿದಿದ್ದ ಆ ಊರು ತನ್ನ ಬೀದಿಗೆ ‘ಮೂಲ ಮೇನ್ ಸ್ಟ್ರೀಟ್’ ಎಂದು ಫಲಕ ಹಾಕಿಕೊಂಡಿತು. ಅಲ್ಲಿಯ ಹೈಸ್ಕೂಲಿನ ಆಟಗಾರರ ತಂಡಗಳಿಗೂ ‘ಮೇನ್ ಸ್ಟ್ರೀಟರ್ಸ್’ ಎಂದೇ ಹೆಸರು.